ಭಾನುವಾರದ ಬೆಟ್ಟ: ಮೊದಲು ಯಾರು, ಆಮೇಲೆ ಎಲ್ಲಿ

ಬೆಂಗಳೂರಿನ ಸುತ್ತ ಬೆಟ್ಟಗಳಿಗೇನೂ ಬರವಿಲ್ಲ. ನಂದಿ, ಸ್ಕಂದಗಿರಿ, ಮಾಕಳಿದುರ್ಗ, ಶಿವಗಂಗೆ, ಸಾವನದುರ್ಗ, ರಾಮನಗರದ ಬಂಡೆಗಳು, ತುಮಕೂರಿನ ದೇವರಾಯನದುರ್ಗ, ಕೋಲಾರದ ಅಂತರಗಂಗೆ... ಎಲ್ಲವೂ ನೂರು ಕಿಲೋಮೀಟರ್ ಒಳಗೇ. ಬರ ಇರೋದು ದಿನಗಳಿಗೆ. ವಾರಪೂರ್ತಿ ಲ್ಯಾಪ್‌ಟಾಪು, ಮೀಟಿಂಗು, ಟ್ರಾಫಿಕ್ಕು. ಕೈಗೆ ಸಿಗೋದು ಒಂದೇ ಒಂದು ಭಾನುವಾರ. ಅದನ್ನೂ ಟೋಲ್‌ಗೇಟಿನ ಸಾಲಲ್ಲಿ ಕಳೆದರೆ ಸೋಮವಾರ ಮುಖ ಹೇಗಿರುತ್ತೆ ನಿಮಗೇ ಗೊತ್ತು.

ಆಫೀಸಿನಲ್ಲಿ ಯಾರಾದರೂ "ಯಾವ ಬೆಟ್ಟ ಚೆನ್ನಾಗಿದೆ?" ಅಂತ ಕೇಳಿದರೆ ನಾನು ತಿರುಗಿ ಕೇಳೋದು ಒಂದೇ: ಜೊತೆಗೆ ಯಾರು ಬರ್ತಿದ್ದಾರೆ?

ಗಟ್ಟಿ ಕಾಲಿನ ನಾಲ್ಕು ಜನ ಗೆಳೆಯರಾದರೆ ಮಾಗಡಿ ಕಡೆಯ ಸಾವನದುರ್ಗ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಇದು ಹತ್ತಿರ ಹೋದರೂ ನುಣ್ಣಗೇ! ಒಂದೇ ಅಖಂಡ ಬಂಡೆ, ಮೆಟ್ಟಿಲಿಲ್ಲ, ನೆರಳು ಕಡಿಮೆ. ಹಿಡಿತ ಇರೋ ಶೂ ಬೇಕು, ತಲಾ ಎರಡು ಲೀಟರ್ ನೀರು ಬೇಕು. ಮಳೆ ಬಿದ್ದ ದಿನ ಮಾತ್ರ ಬೇಡ್ವೇ ಬೇಡ. ಅಲ್ಲಿ ದಾರಿ ತಪ್ಪಿ, ಕಾಲು ಜಾರಿ ಜೀವ ಕಳೆದುಕೊಂಡವರಿದ್ದಾರೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಕೈಯಿಂದ ಕಿತ್ತುಕೊಂಡ ಕೋಟೆ ಇದು. ಆ ಬಂಡೆ ನೋಡಿದಾಗ, ಫಿರಂಗಿಗಳನ್ನ ಇಲ್ಲಿಗೆ ಹೇಗೆ ಎಳೆತಂದರೋ ಅನಿಸುತ್ತೆ.

ಸ್ಕಂದಗಿರಿಯ ಸೂರ್ಯೋದಯದ ರೀಲ್ಸ್ ನೋಡಿ ರಾತ್ರಿ ಎರಡು ಗಂಟೆಗೆ ಹೊರಡೋರಿಗೆ ಒಂದು ಮಾತು. ರಾತ್ರಿ ಚಾರಣಕ್ಕೆ ಅಲ್ಲಿ ಅವಕಾಶವಿಲ್ಲ. ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ, ಕೊಟ್ಟ ಹೊತ್ತಿಗೆ ಹೋಗಿ.

ಶಿವಗಂಗೆಗೆ ಮೆಟ್ಟಿಲಿದೆ, ಕಡಿದಾದ ಕಡೆ ಕಂಬಿಯಿದೆ, ಒಳಕಲ್ಲು ತೀರ್ಥವಿದೆ. ಜೊತೆಗೆ ಕೋತಿಗಳೂ ಇವೆ. ಕೈಯಲ್ಲಿ ಕವರ್ ಕಂಡರೆ ಅದು ಅವುಗಳದ್ದು, ವಾದಕ್ಕೆ ನಿಲ್ಲಬೇಡಿ. ನಂದಿಗೆ ವಾರದ ಮಧ್ಯೆ ರಜೆ ಸಿಕ್ಕರೆ ಮಾತ್ರ ಹೋಗಿ. ಭಾನುವಾರ ನಸುಕಲ್ಲೇ ಗೇಟಿನ ಮುಂದೆ ಕಾರು ಬೈಕುಗಳ ಜಾತ್ರೆ. ನನ್ನ ಕೇಳಿದರೆ, ಭಾನುವಾರ 1,478 ಮೀಟರ್ ಎತ್ತರದ ಆ ತುದಿಗಿಂತ ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಯೇ ವಾಸಿ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತರೆ ಏಳೋಕೆ ಮನಸ್ಸಾಗಲ್ಲ.

ಇನ್ನು ನಮ್ಮ ಮನೆಯ ಲೆಕ್ಕ ಬೇರೆ. ಮಗಳು ಹುಟ್ಟಿದ ಮೇಲೆ, ನಾನು ಕೆಲಸಕ್ಕೆ ವಾಪಸ್ ಹೋಗಬೇಕಲ್ಲ ಅಂತ, ಅಮ್ಮ ತೀರ್ಥಹಳ್ಳಿಯ ತೋಟ ಬಿಟ್ಟು ಬಂದು ನಮ್ಮ ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿದ್ದಾರೆ. ನಾಲ್ಕು ವರ್ಷವಾಯಿತು. ಒಂದು ದಿನವೂ ಬೇಜಾರು ಅಂದವರಲ್ಲ. ಒಮ್ಮೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಾ, "ಇಲ್ಲಿ ಕಾಲಿಗೆ ಮಣ್ಣೇ ತಾಗುದಿಲ್ಲ ಮಾರಾಯ್ತಿ" ಅಂದರು, ಅಷ್ಟೇ. ಅವರ ಮಂಡಿ ನೋವಿಗೆ ಡಾಕ್ಟರು ಹೇಳಿದ್ದು, ಹತ್ತೋದಕ್ಕಿಂತ ಇಳಿಯೋದರಲ್ಲಿ ಜೋಪಾನ ಅಂತ. ಹಾಗಾಗಿ ಸಾವನದುರ್ಗ, ಸ್ಕಂದಗಿರಿ ನಮ್ಮ ಪಟ್ಟಿಯಿಂದ ಔಟ್. ಬೇಕಾಗಿದ್ದು ಕಾರು ಮೇಲಿನವರೆಗೂ ಹೋಗೋ, ಮೆಟ್ಟಿಲು ಕಮ್ಮಿಯಿರೋ, ನೆರಳಿರೋ ಬೆಟ್ಟ. ಅಂದರೆ ದೇವರಾಯನದುರ್ಗ.

ಮನೆ ಬಿಟ್ಟಿದ್ದು ಐದೂವರೆಗೆ. ಏಳಕ್ಕೆಲ್ಲ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಅಮ್ಮ ಒಂದನ್ನೇ ಮುಗಿಸೋಕೆ ಒದ್ದಾಡಿದರು, ಮಗಳು ಬೆಣ್ಣೆ ಮಾತ್ರ ತಿಂದಳು. ತುಮಕೂರು ದಾಟಿ ಕಾಡಿನ ದಾರಿಗೆ ಹೊರಳಿದ ಮೇಲೆ ಅಮ್ಮ ಕಿಟಕಿ ಇಳಿಸಿ ಕೂತರು. ಮಲೆನಾಡಿನವರಿಗೆ ಈ ಕುರುಚಲು ಕಾಡು ಏನು ಹಿಡಿಸುತ್ತೋ ಅನ್ನೋ ಅನುಮಾನ ನನಗಿತ್ತು. "ಮರ ಸ್ವಲ್ಪ ಗಿಡ್ಡ" ಅಂತ ತೀರ್ಪೂ ಬಂತು.

ಬುಡದಲ್ಲಿ ಭೋಗನರಸಿಂಹ, ಮೇಲೆ ಯೋಗನರಸಿಂಹ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ಈ ದುರ್ಗಕ್ಕೆ ದೇವರಾಯನ ಹೆಸರು ಬಂತಂತೆ. ಕಾರು ನಿಲ್ಲಿಸಿದ ಜಾಗದಿಂದ ಮೇಲಿನ ಗುಡಿಗೆ ಉಳಿದಿದ್ದು ಮೆಟ್ಟಿಲು ಮಾತ್ರ. ನಮ್ಮನೆಯವರು ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡ್ರು. ನಾನು ಅಮ್ಮನ ಪಕ್ಕ ಹೋದರೆ, "ನೀ ಮುಂದೆ ಹೋಗು, ನಂಗೆ ನಂದೇ ಲೆಕ್ಕ ಉಂಟು" ಅಂದರು. ಹತ್ತು ಮೆಟ್ಟಿಲಿಗೊಮ್ಮೆ ನಿಂತರು. ನಿಂತಾಗಲೆಲ್ಲ ಮೊಮ್ಮಗಳಿಗೆ ಒಂದು ಗಿಡದ ಹೆಸರು ಹೇಳಿದರು. ಮನೆಯಲ್ಲಿ ಟ್ಯಾಬ್ ಬಿಟ್ಟು ತಲೆ ಎತ್ತದ ಮಗು, "ಅಮ್ಮಮ್ಮ, ಇದ್ಯಾವ್ದು, ಇದ್ಯಾವ್ದು" ಅಂತ ಅಪ್ಪನ ಹೆಗಲಿಂದ ಬಗ್ಗಿ ಬಗ್ಗಿ ಕೇಳ್ತಿತ್ತು. ಇಳಿಯುವಾಗ ಮಾತ್ರ ಅಮ್ಮ ತಾವಾಗೇ ನನ್ನ ತೋಳು ಹಿಡ್ಕೊಂಡರು.

ವಾಪಸ್ ಬರುವಾಗ ನಾಮದ ಚಿಲುಮೆಗೆ ಹೋಗದೆ ಬರಬೇಡಿ. ಹಣೆಗೆ ನಾಮ ಇಟ್ಟುಕೊಳ್ಳೋಕೆ ನೀರು ಸಿಗದೆ ರಾಮ ಬಂಡೆಗೆ ಬಾಣ ಬಿಟ್ಟ, ಅಲ್ಲಿ ಚಿಲುಮೆ ಹುಟ್ಟಿತು ಅನ್ನೋದು ಕಥೆ. ಬಂಡೆಯಲ್ಲಿ ಪುಟ್ಟ ಕುಳಿ, ಅದರಲ್ಲಿ ನೀರು. ಪಕ್ಕದಲ್ಲೇ ಜಿಂಕೆವನ. ಮಕ್ಕಳಿದ್ದರೆ ಇಲ್ಲಿ ಒಂದು ಗಂಟೆ ಹೆಚ್ಚಿಗೇ ಇಟ್ಟುಕೊಳ್ಳಿ. ಅಮ್ಮ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಮರದ ಕೆಳಗೆ ಮಣ್ಣಲ್ಲಿ ಸುಮ್ಮನೆ ಓಡಾಡಿದರು. ನಾವ್ಯಾರೂ ಮಾತಾಡಿಸಲಿಲ್ಲ.

ಹನ್ನೆರಡಕ್ಕೆ ಅಲ್ಲಿಂದ ಹೊರಟರೆ ಒಳ್ಳೇದು. ಭಾನುವಾರ ಸಂಜೆ ಊರಿಂದ ವಾಪಸ್ ಬರೋ ವಾಹನಗಳೆಲ್ಲ ನೆಲಮಂಗಲದಲ್ಲಿ ಸೇರಿ, ಗೊರಗುಂಟೆಪಾಳ್ಯದ ಹೊತ್ತಿಗೆ ಬೆಟ್ಟದ ಗಾಳಿಯೆಲ್ಲ ಇಳಿದುಹೋಗುತ್ತೆ. ಮನೆಯಿಂದ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡಿದ್ದರೆ ಊಟಕ್ಕೆ ಹೋಟೆಲ್ ಹುಡುಕೋ ಹೊತ್ತೂ ಉಳಿಯುತ್ತೆ. ತಂದ ಕವರ್, ಬಾಟ್ಲಿ ವಾಪಸ್ ಕಾರಲ್ಲೇ ಬರಲಿ.

ಮುಂದಿನ ತಿಂಗಳು ಕೋಲಾರದ ಅಂತರಗಂಗೆ ಅಂದ್ಕೊಂಡಿದೀವಿ. ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬರುತ್ತೆ ಅಂತ ಅಮ್ಮನಿಗೆ ಹೇಳಿದೆ.

"ಮೆಟ್ಟಿಲು ಎಷ್ಟುಂಟು?" ಅಂದರು.

"ಎಣಿಸ್ಕೊಂಡೇ ಹತ್ತೋಣ" ಅಂದೆ.