‘ಹೋಗಿ ಬರುತ್ತೇನೆ’

ಕಾರವಾರದಿಂದ ಅಂಕೋಲೆಗೆ ಸುಮಾರು 35 ಕಿಲೋಮೀಟರ್. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಬೆಟ್ಟ. ಕನ್ನಡ, ಕೊಂಕಣಿಗಳೆರಡೂ ಕಿವಿಗೆ ಬೀಳುವ ಈ ದಾರಿಯಲ್ಲಿ ಸಂಚರಿಸುವಾಗ ನಾವು ವಿಶೇಷವಾಗಿ ಗಮನಿಸಿದ್ದು ಜನರು ಬೀಳ್ಕೊಳ್ಳುವಾಗ ಆಡುವ ಮಾತನ್ನು.

ಇಂಗ್ಲಿಷಿನ ‘ಗೋ’ ಕ್ರಿಯಾಪದಕ್ಕೆ ಕನ್ನಡದಲ್ಲಿ ‘ಹೋಗು’, ಕೊಂಕಣಿಯಲ್ಲಿ ‘ವಚ್’ ಎಂದು ಅರ್ಥ ಹೇಳುವುದು ಸುಲಭ. ಆದರೆ ಮನೆಯಿಂದ ಹೊರಡುವ ಮಗು ‘ಐ ಆಮ್ ಗೋಯಿಂಗ್’ ಎಂಬುದನ್ನು ಪದಶಃ ಅನುವಾದಿಸಿ ‘ಹೋಗುತ್ತೇನೆ’ ಎಂದರೆ, ಹಿರಿಯರು ಒಡನೆಯೇ ‘ಹೋಗಿ ಬರುತ್ತೇನೆ ಅನ್ನು’ ಎಂದು ತಿದ್ದುತ್ತಾರೆ. ‘ಹೋದರು’ ಎಂಬುದು ತೀರಿಕೊಂಡವರನ್ನು ಕುರಿತೂ ಆಡುವ ಮಾತಷ್ಟೆ. ಕೊಂಕಣಿಗರು ಹೋಗುವ ಮಾತನ್ನೇ ಬಿಟ್ಟು ‘ಯೆತಾಂ’, ಅಂದರೆ ‘ಬರುತ್ತೇನೆ’, ಎನ್ನುತ್ತಾರೆ. ಒಂದು ದ್ರಾವಿಡ ಭಾಷೆ, ಇನ್ನೊಂದು ಆರ್ಯ ಭಾಷೆ. ಹೊಸ್ತಿಲಿನಲ್ಲಿ ಹಾರೈಕೆ ಒಂದೇ.

ಈ ಹಾರೈಕೆ ಏಕೆ ಬೇಕೆಂಬುದನ್ನು ಇದೇ ದಾರಿ ತೋರಿಸಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಕಣ್ಮರೆಯಾದ ಕೇರಳದ ಲಾರಿ ಚಾಲಕನೊಬ್ಬನ ದೇಹ ಸೆಪ್ಟೆಂಬರ್ 25ರಂದು ಗಂಗಾವಳಿ ನದಿಯಿಂದ ಮೇಲೆತ್ತಿದ ಲಾರಿಯಲ್ಲಿ ದೊರೆಯಿತು. ಮಲೆಯಾಳದಲ್ಲಿಯೂ ಹೊರಡುವವರು ‘ಪೋಯಿ ವರಾಂ’, ಹೋಗಿ ಬರುತ್ತೇನೆ, ಎನ್ನುವುದೇ ವಾಡಿಕೆ. ಈ ನಡುವೆ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಲಾರಿಯೊಂದಿಗೆ ನೀರಿಗೆ ಬಿದ್ದ ತಮಿಳುನಾಡಿನ ಚಾಲಕನು ಬದುಕಿ ಬಂದನು. ತಮಿಳರ ‘ಪೋಯಿಟ್ಟು ವರೇನ್’ ಎಂಬುದಕ್ಕೂ ಅದೇ ಅರ್ಥ.

ಮಕ್ಕಳಿಗೆ ಇಂಗ್ಲಿಷ್ ಕಲಿಸುವ ತಾಯಿತಂದೆಗಳು ‘ಗೋ’ ಎಂದರೆ ‘ಹೋಗು’ ಎಂದಷ್ಟೇ ಹೇಳಿ ನಿಲ್ಲಬಾರದು. ಆ ಪದವನ್ನು ಯಾವಾಗ ಒಂಟಿಯಾಗಿ ಬಿಡಬಾರದೆಂಬುದನ್ನೂ ತಿಳಿಸಿಕೊಡಬೇಕು.