ನೀಲಿ ಹಾಕಿದ ಬಿಳಿ, ಹಾಕದ ಬಿಳಿ

ನವಲಗುಂದ ಸೀಮೆಯ ತಿರ್ಲಾಪುರದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಆಗ ಬಣ್ಣದ ಬಗ್ಗೆ ಇದ್ದದ್ದು ಒಂದೇ ತಕರಾರು: ಸುಣ್ಣಕ್ಕೆ ನೀಲಿ ಹಾಕಬೇಕೋ ಬೇಡವೋ. ಹಾಕಿದರೆ ತಣ್ಣನೆಯ, ಕಣ್ಣಿಗೆ ಹೊಡೆಯುವ ಬಿಳುಪು. ಬಿಟ್ಟರೆ ಗೋಡೆಗೆ ತುಸು ಕೆನೆಯ ಛಾಯೆ. ಅವ್ವ ಪಡಸಾಲೆಗೆ ನೀಲಿ ಹಾಕಿಸುತ್ತಿದ್ದಳು, ಅಡಿಗೆಮನೆಗೆ ಇಲ್ಲ. “ಹೊಗಿ ಕುಂತ ಮ್ಯಾಲೆ ನಿನ್ನ ನೀಲಿ ಎಲ್ಲಿ ಕಾಣ್ತೈತಿ?”

ದಸರೆ ಹತ್ತಿರ ಬಂತೆಂದರೆ ಹರವಿಯಲ್ಲಿ ಸುಣ್ಣದ ಹರಳು ಕೊತಕೊತ ಕುದಿಯುತ್ತಿತ್ತು. ಹಳೆಯ ಧೋತರದಲ್ಲಿ ಸೋಸಿ, ಚೂರು ಉಪ್ಪು ಬೆರೆಸಿ, ನಾರಿನ ಕುಂಚದಿಂದ ಹಚ್ಚುವುದು. ಹಚ್ಚಿದ ಗಳಿಗೆಯಲ್ಲಿ ಏನೂ ಕಾಣದು; ಒದ್ದೆ ಸುಣ್ಣದ ಒಳಗಿಂದ ಮಣ್ಣೇ ಇಣುಕುತ್ತದೆ. ಒಣಗುತ್ತ ಹೋದಂತೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತ, ಬಿಳುಪು ಏಳುತ್ತದೆ. “ಒಣಗೂತನಕ ಹೆಸರಿಡಬ್ಯಾಡ್ರಿ” ಎನ್ನುತ್ತಿದ್ದ ಸುಣ್ಣ ಹಚ್ಚುವವ. ಕಿಟಕಿ ಕಡಿಮೆ, ಬೆಳಕೆಲ್ಲ ಮೇಲಿನ ಬೆಳಕಿಂಡಿಯಿಂದ. ಆ ಕತ್ತಲಲ್ಲಿ ಬಿಳುಪು ಅಲಂಕಾರವಲ್ಲ, ಅರ್ಧ ದೀಪ. ಒರಗಿದವರ ಬೆನ್ನಿಗೂ ಅಷ್ಟಿಷ್ಟು ಅಂಟುತ್ತಿತ್ತು ಅನ್ನಿ.

2019ರ ಮಳೆಗೆ ನವಲಗುಂದ ಸೀಮೆಯಲ್ಲಿ ಮಣ್ಣಿನ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಪರಿಹಾರ ಘೋಷಿಸಿತು. ಮಾಳಿಗೆಯ ಜಾಗದಲ್ಲಿ ಸಿಮೆಂಟಿನ ಸ್ಲ್ಯಾಬು ಎದ್ದವು, ಹರವಿಯ ಜಾಗಕ್ಕೆ ಪುಟ್ಟಿ, ಪ್ರೈಮರ್, ಶೇಡ್ ಕಾರ್ಡ್ ಬಂದವು.

ತಮ್ಮನ ಹೊಸ ಮನೆಯಲ್ಲಿ ಜಗಳ ಕೆನೆ ಬಣ್ಣಕ್ಕೂ ತಿಳಿಬೂದಿಗೂ. ಎರಿ ಹೊಲದ ಕರಿ ದೂಳು ಬೂದಿಯಲ್ಲಿ ಕಾಣುವುದಿಲ್ಲ ಎಂಬುದು ಅವನ ಹೆಂಡತಿಯ ವಾದ, ಒಪ್ಪತಕ್ಕದ್ದೇ. ಪೇಂಟರ್ ಹುಡುಗ ಎರಡನ್ನೂ ಗೋಡೆಗೆ ಅಂಗೈಯಗಲ ಬಳಿದು, “ಅಕ್ಕಾರ, ಒಣಗಿದ ಮ್ಯಾಲೆ ಇನ್ನೊಂಚೂರು ಗಾಢ ಆಗ್ತೈತ್ರಿ” ಎಂದ. ಸುಣ್ಣಕ್ಕೆ ತದ್ವಿರುದ್ಧ! ಮುಂಜಾನೆ ಪೂರ್ವದ ಕಿಟಕಿಯ ಬಿಸಿಲಿಗೆ ಬೂದಿ ಚೆಂದವಾಗಿಯೇ ಕಂಡಿತು. ಸಂಜೆಗೆ ಕೆಳಗಿನ ಶಹಾಬಾದ ಫರಸಿಯ ಬೂದಿಯೂ ಸೇರಿ ಕೋಣೆಗೆ ಹೊತ್ತಿಗೆ ಮುಂಚೆಯೇ ಕತ್ತಲಾಯಿತು. ಕೆನೆ ತುಸು ಹಳದಿಗೆ ತಿರುಗಿದರೂ ಬೆಳಕು ಬಿಟ್ಟುಕೊಡಲಿಲ್ಲ. ಇಂಥ ಬಣ್ಣಗಳಿಗೆ ಸ್ವಂತದ್ದೆನ್ನುವುದು ಕಡಿಮೆ. ನೆಲ, ಕಿಟಕಿ, ಬಲ್ಬು ಕೊಟ್ಟದ್ದೇ ಅವುಗಳ ಮುಖ. ಕಾರ್ಡು ನೋಡಿ ಆರಿಸುವವರನ್ನು ಕಂಡರೆ ನನಗೆ ಮರುಕ.

ಸುಣ್ಣವಾದರೆ ವರ್ಷಕ್ಕೊಮ್ಮೆ ಬದಲಾಗುತ್ತಿತ್ತು, ಹಿಡಿಸದಿದ್ದರೂ ಮುಂದಿನ ದಸರೆ ಇತ್ತು. ಈ ಪೇಂಟನ್ನು ವರ್ಷಗಟ್ಟಲೆ ನೋಡಬೇಕು. ಅದಕ್ಕೇ ವಾದ ಇಷ್ಟು ಉದ್ದ. ಕೊನೆಗೆ ಪಡಸಾಲೆಗೆ ಬೂದಿ, ಒಂದೇ ಕಿಟಕಿಯ ಒಳಕೋಣೆಗೆ ಕೆನೆ ಎಂದಾಯಿತು. ದೇವರಮನೆಗೆ ಮಾತ್ರ ತಮ್ಮನ ಹೆಂಡತಿ ಯಾರನ್ನೂ ಕೇಳದೆ ಅರಿಸಿನದ ಹಳದಿ ಹೊಡೆಸಿದಳು.