ಇಲಿ ಕಡಿದ ಪುಟ, ಅಕ್ಕನ ಪುಸ್ತಕ

ಅಟ್ಟದ ಮೇಲಿಟ್ಟಿದ್ದ ನನ್ನ ಅಡುಗೆ ಪುಸ್ತಕವನ್ನು ಕಳೆದ ತಿಂಗಳು ಇಲಿ ಕಡಿದುಹಾಕಿತು. ಬೇರೆ ಯಾವ ಪುಟ ಹೋಗಿದ್ದರೂ ಚಿಂತೆಯಿರಲಿಲ್ಲ. ಹೋದದ್ದು ಸಾರಿನ ಪುಡಿಯದು. ಐವತ್ತು ವರ್ಷದ ಹಿಂದೆ ಅಮ್ಮ ಹೇಳುತ್ತಾ ಹೋದಂತೆ ಅಕ್ಕ, ನಾನು ಒಟ್ಟಿಗೆ ಕುಳಿತು ಬರೆದುಕೊಂಡಿದ್ದೆವು. ಯಲಹಂಕದಲ್ಲಿರುವ ಅಕ್ಕನಿಂದ ಅವಳ ಪುಸ್ತಕ ತರಿಸಿದೆ. ಹರಿದ ಜಾಗದ ಮೇಲಿನ ಸಾಲು, ಕೆಳಗಿನ ಸಾಲು ಹೊಂದಿಸಿ ನೋಡಿ, ನಡುವೆ ಹೋದದ್ದನ್ನು ಬರೆದುಕೊಂಡೆ.

ಏಳನೇ ಕ್ಲಾಸಿನ ಮೊಮ್ಮಗಳು ಪಕ್ಕದಲ್ಲೇ ಇದ್ದಳು. "ಅಜ್ಜಿ, ಎರಡು ತುಂಡನ್ನೂ ಗೋಂದು ಹಾಕಿ ಅಂಟಿಸಿದ್ರೆ ಆಗ್ತಿರ್ಲಿಲ್ವಾ?"

"ಅಂಟಿಸಬಹುದಿತ್ತು ಪುಟ್ಟಿ. ಇಲಿ ಹೊಟ್ಟೆಗೆ ಹೋದ ಮೆಂತ್ಯ ಎಲ್ಲಿಂದ ಬರುತ್ತೆ?"

ಹೇಳಿದ ಮೇಲೆ ನನಗೇ ನಗು ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿದವಳು ನಾನು. ಬನ್ನಿನ ಹಿಟ್ಟಿಗೆ ಹಾಕುವ ಯೀಸ್ಟ್ ಮಾಡುವುದೂ ಇದನ್ನೇ.

ಯೀಸ್ಟಿನ ಒಂದೊಂದು ಕೋಶದಲ್ಲೂ 16 ಬಗೆಯ ವರ್ಣತಂತುಗಳಿವೆ. ಅವುಗಳಲ್ಲಿ ಒಟ್ಟು ಸುಮಾರು 1 ಕೋಟಿ 20 ಲಕ್ಷ ಡಿಎನ್‌ಎ ಅಕ್ಷರಗಳು. ಡಿಎನ್‌ಎ ಅಂದರೆ ಜೋಡಿ ಎಳೆಯ ಹುರಿ. ಒಂದೇ ಎಳೆ ಕೆಟ್ಟರೆ ಎದುರಿನದನ್ನು ನೋಡಿ ಸರಿಮಾಡಬಹುದು. ಎರಡೂ ಎಳೆ ಒಂದೇ ಜಾಗದಲ್ಲಿ ತುಂಡಾದರೆ ಕಷ್ಟ. ರಿಪೇರಿಯಾಗದಿದ್ದರೆ ಕೋಶ ಸಾಯಬಹುದು. ತುದಿಗೆ ತುದಿ ಅಂಟಿಸುವುದು ಯೀಸ್ಟಿಗೂ ಗೊತ್ತು. ಆದರೆ ಹೆಚ್ಚಾಗಿ ಅದು ಇನ್ನೊಂದು ಪ್ರತಿಯನ್ನೇ ಹುಡುಕುತ್ತದೆ. ಮೊದಲು ಕೆಲವು ಪ್ರೋಟೀನುಗಳು ಮುರಿದ ತುದಿಗಳಲ್ಲಿ ಒಂದು ಎಳೆಯನ್ನು ಅಷ್ಟಷ್ಟೇ ತಿಂದು, ಇನ್ನೊಂದು ಎಳೆಯ ತುದಿ ಹೊರಚಾಚುವಂತೆ ಮಾಡುತ್ತವೆ. ಆ ಎಳೆಯ ಉದ್ದಕ್ಕೂ ರಾಡ್-51 ಎಂಬ ಪ್ರೋಟೀನು ಸಾಲಾಗಿ ಕೂರುತ್ತದೆ. ಕೂತ ಮೇಲೆ ಅಷ್ಟು ಅಕ್ಷರಗಳ ನಡುವೆ ತನ್ನದಕ್ಕೆ ಹೊಂದುವ ಸಾಲು ಎಲ್ಲಿದೆ ಎಂದು ತಡಕಾಟ. ಸಿಕ್ಕಿತೋ, ಅದನ್ನು ನೋಡಿಕೊಂಡು ಹೋದದ್ದನ್ನು ಮತ್ತೆ ಬರೆದುಕೊಳ್ಳುವುದು.

"ಯಾರ ಪುಸ್ತಕ ನೋಡುತ್ತೆ?" ಎಂದಳು ಪುಟ್ಟಿ. ಒಳ್ಳೆಯ ಪ್ರಶ್ನೆ. ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯ ಜೆರಾಕ್ಸ್ ಮಾಡಿಟ್ಟುಕೊಳ್ಳುತ್ತದೆ. ಆ ಎರಡು ಪ್ರತಿಗಳಿಗೆ ವಿಜ್ಞಾನಿಗಳು ಇಟ್ಟ ಹೆಸರು ಸೋದರಿಯರು! ಸೋದರಿಯನ್ನು ನೋಡಿ ಬರೆದರೆ ಏನೂ ಬದಲಾಗುವುದಿಲ್ಲ. ಅದು ಸಿಗದಿದ್ದರೆ ಜೋಡಿ ವರ್ಣತಂತು ಇದೆ, ಒಂದು ತಾಯಿಯಿಂದ ಬಂದರೆ ಇನ್ನೊಂದು ತಂದೆಯಿಂದ ಬಂದ ಹಾಗೆ. ಅಲ್ಲಿ ಬರಹ ಅಲ್ಲಲ್ಲಿ ಬೇರೆ ಇರುತ್ತದೆ. ಹೆಸರಿಗೆ ಅಕ್ಕನಾದರೂ ನನ್ನ ಅಕ್ಕನ ಪುಸ್ತಕ ಈ ಎರಡನೇ ಜಾತಿಯದು. ನನ್ನದರಲ್ಲಿ ಒಂದು ಚಮಚ ಇದ್ದ ಮೆಂತ್ಯ ಅವಳದರಲ್ಲಿ ಎರಡು. ಮದುವೆಯಾದ ಮೇಲೆ ತಿದ್ದಿಕೊಂಡಿರಬೇಕು. ಈಗ ನನ್ನದರಲ್ಲೂ ಎರಡೇ.

ಇನ್ನೂ ತಮಾಷೆಯೆಂದರೆ, ಹೊಟ್ಟೆಗಿಲ್ಲದೆ ಬೀಜಕ ಮಾಡಿಕೊಳ್ಳುವಾಗ ಯೀಸ್ಟ್ ತನ್ನ ಡಿಎನ್‌ಎಯನ್ನು ತಾನೇ ನೂರಕ್ಕೂ ಹೆಚ್ಚು ಕಡೆ ಮುರಿದುಕೊಳ್ಳುತ್ತದೆ. ಆಗ ಸೋದರಿಯನ್ನು ಬಿಟ್ಟು ಜೋಡಿಯ ಕಡೆಗೇ ತಿರುಗುತ್ತದೆ. ಬರಹ ಅದಲುಬದಲಾಗಲಿ ಎಂದೇ. ಹಾಗೆ ತಿರುಗಿಸುವವರಲ್ಲಿ ಹಾಪ್-1 ಎಂಬ ಪ್ರೋಟೀನು ಒಂದು. ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು ನಮ್ಮ ಯಶವಂತಪುರದ ಪಕ್ಕದಲ್ಲೇ, ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು: ಜೀವರಸಾಯನ ವಿಭಾಗದ ಪ್ರೊಫೆಸರ್ ಕೆ. ಮುನಿಯಪ್ಪ. ಡಿಎನ್‌ಎ ನಾಲ್ಕು ಎಳೆಯಾಗಿ ಮಡಚಿಕೊಂಡ ಜಾಗವನ್ನು ಹಾಪ್-1 ಹಿಡಿದುಕೊಳ್ಳುತ್ತದೆ ಎಂದು ಅವರ ತಂಡ 2000ದಲ್ಲಿ ಪ್ರಕಟಿಸಿತು. ಆ ಕಾಂಪೌಂಡಿನ ಪಕ್ಕ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ ನನಗೆ ಇದು ತಿಳಿದದ್ದು ರಿಟೈರಾದ ಮೇಲೆ.

ತಿಳಿಯಲು ಹೋದದ್ದಕ್ಕೂ ಕಾರಣವಿದೆ. ಮೂರು ವರ್ಷದ ಹಿಂದೆ ನನಗೆ ಸ್ತನದ ಕ್ಯಾನ್ಸರ್ ಆಯಿತು. ಐದು ವಾರ, ವಾರಕ್ಕೆ ಐದು ದಿನ ರೇಡಿಯೇಷನ್. "ದಿನಾ ಯಾಕೆ ಡಾಕ್ಟ್ರೇ, ಒಂದೇ ಸಲ ಕೊಟ್ಟುಬಿಡಿ" ಎಂದಿದ್ದೆ. ಆ ಕಿರಣ ಡಿಎನ್‌ಎಯನ್ನು ಮುರಿಯುತ್ತದೆ, ನಾಳೆಯೊಳಗೆ ಒಳ್ಳೆಯ ಕೋಶಗಳು ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅಷ್ಟು ಚೆನ್ನಾಗಿ ಆಗುವುದಿಲ್ಲ ಎಂದರು ಅವರು. ರಾಡ್-51ರ 'ರಾಡ್' ಬಂದದ್ದೂ ರೇಡಿಯೇಷನ್‌ನಿಂದಲೇ. ಈ ಜೀನ್‌ಗಳು ಕೆಟ್ಟ ಯೀಸ್ಟ್ ಕಿರಣ ಬಿದ್ದರೆ ತಾಳುವುದಿಲ್ಲ. ಹಾಗೆ ಗುರುತು ಸಿಕ್ಕಿದವು ಇವು.

ರಾಡ್-51 ನಮ್ಮ ಮೈಯಲ್ಲೂ ಇದೆ. ಅದನ್ನು ಮುರಿದ ಎಳೆಯ ಮೇಲೆ ಕೂರಿಸುವ ಪ್ರೋಟೀನಿನ ಹೆಸರು ಬಿಆರ್‌ಸಿಎ-2. ಅದರ ಜೀನ್‌ನಲ್ಲಿ ದೋಷವಿದ್ದರೆ ಸ್ತನದ ಕ್ಯಾನ್ಸರ್ ಸಂಭವ ಹೆಚ್ಚು, ಆ ದೋಷ ಮಕ್ಕಳಿಗೂ ಹೋಗಬಹುದು. ನನ್ನ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟ್ ಬರುವವರೆಗೆ ನನ್ನ ಕಾಯಿಲೆಗಿಂತ ಹೆಚ್ಚು ಯೋಚಿಸಿದ್ದು ಮಗಳನ್ನು, ಈ ಪುಟ್ಟಿಯನ್ನು. ದೋಷ ಇರಲಿಲ್ಲ. ಮಗಳಿಗೆ ಫೋನ್ ಮಾಡಿ "ಇಲ್ವಂತೆ ಕಣೆ" ಎಂದೆ. ಮುಂದಕ್ಕೆ ಇಬ್ಬರಿಗೂ ಮಾತು ಹೊರಡಲಿಲ್ಲ.

ಇದನ್ನೆಲ್ಲ ಪುಟ್ಟಿಗೆ ಹೇಳಿದ್ದು ಮೊನ್ನೆಯೇ. ಸುಮ್ಮನೆ ಕೇಳಿಸಿಕೊಂಡಳು. ಸಂಜೆ ಎರಡೂ ಪುಸ್ತಕ ಎತ್ತಿಕೊಂಡು ರಸ್ತೆ ತುದಿಯ ಅಂಗಡಿಗೆ ಹೋಗಿ ಪೂರ್ತಿ ಜೆರಾಕ್ಸ್ ಮಾಡಿಸಿಕೊಂಡು ಬಂದಳು. ಒಂದು ಸೆಟ್ಟು ಅಕ್ಕನ ಮನೆಗಂತೆ, ಒಂದು ಅವಳ ಸ್ಕೂಲ್ ಬ್ಯಾಗಿಗೆ.

ಹೊಸ ಪುಡಿಯ ಸಾರು ಒಂಚೂರು ಕಹಿ ಅಂದರು ನಮ್ಮನೆಯವರು. ಎರಡು ಸಲ ಬಡಿಸಿಕೊಂಡರು.